ಹಿಡಿಯಲ್ಲಿ ತೂತಿರುವ ಕತ್ತಿ

ಕೈಲ್ ಮುಹೂರ್ತದ ದಿನ ನಮ್ಮ ಮನೆಯಲ್ಲಿ ಪೂಜೆಗೆ ಕೂರದ ಕಬ್ಬಿಣವಿಲ್ಲ. ಗದ್ದೆಯ ನಾಟಿ ಮುಗಿದು, ಮಳೆ ಸ್ವಲ್ಪ ಉಸಿರು ಬಿಡುವ ಹೊತ್ತಿಗೆ ಕೊಡಗಿನಲ್ಲಿ ಬರುವ ಹಬ್ಬ ಇದು. ಕೋವಿ, ಕತ್ತಿ, ಗುದ್ದಲಿಗಳನ್ನು ಹಿಂದಿನ ದಿನವೇ ತಿಕ್ಕಿ ತೊಳೆದು, ಬೆಳಿಗ್ಗೆ ಮಣೆಯ ಮೇಲೆ ಸಾಲಾಗಿಟ್ಟು, ಗಂಧ ಹಚ್ಚಿ, ಕೋವಿಯ ಬಾಯಿಗೆ ಕೆಂಪು ಹಳದಿಯ ಕೋವಿ ಹೂ ಸಿಕ್ಕಿಸಿ ಕೈಮುಗಿಯುತ್ತೇವೆ. ಪೂಜೆ ಮುಗಿಯುವ ತನಕ ಯಾವುದನ್ನೂ ಕೆಲಸಕ್ಕೆ ಮುಟ್ಟುವ ಹಾಗಿಲ್ಲ. ಈ ವಿಷಯದಲ್ಲಿ ನನ್ನ ಭಕ್ತಿ ಊರಿನವರಿಗಿಂತ ಒಂದು ತೂಕ ಹೆಚ್ಚು. ಮೆಟ್ಟುಕತ್ತಿಯನ್ನು ತರುತ್ತೇನೆ, ಕಾಯಿ ತುರಿಯುವ ಮಣೆಯನ್ನು ತರುತ್ತೇನೆ, ನನ್ನ ಗಡ್ಡದ ರೇಜರನ್ನೂ ತರುತ್ತೇನೆ. ಒಂದು ವರ್ಷ ಕೊಡೆಯ ಕಡ್ಡಿಗೆ ಗಂಧ ಹಚ್ಚಿ ಅಕ್ಕನಿಂದ ಬೈಸಿಕೊಂಡದ್ದೂ ಉಂಟು.

ಈ ಸಲ ಹಬ್ಬದೂಟಕ್ಕೆ ಬಂದ ನೆರೆಮನೆಯವರೊಬ್ಬರು ಕಡುಬು ಮುರಿಯುತ್ತ ಬಾಗಿಲ ಕಡೆ ನೋಡಿ, "ಎಂತ ರೈಟ್ರೆ, ಆ ಕತ್ತಿ ಎಂತ ಪಾಪ ಮಾಡಿದ್ದು? ರೇಜರಿಗೂ ಪೂಜೆ ಆಗಿದೆ, ಅದೊಂದು ಮೊಳೆಯಲ್ಲೇ ನೇತಾಡ್ತಾ ಉಂಟಲ್ಲ?" ಎಂದು ಕೇಳಿದರು.

"ತುಕ್ಕು ಹಿಡಿದದ್ದು, ಬಿಡಿ," ಎಂದೆ.

ಅವರಿಗೆ ಹೇಳಿದ್ದು ಸುಳ್ಳು. ಆ ಕತ್ತಿಗೆ ಒಂದು ಚುಕ್ಕೆ ತುಕ್ಕಿಲ್ಲ. ನಿಮಗೆ ಸುಳ್ಳು ಹೇಳುವುದಿಲ್ಲ. ನಿಮ್ಮ ಮುಖ ನನಗೆ ಕಾಣುವುದಿಲ್ಲವಲ್ಲ, ಅದರಿಂದಲೇ ಧೈರ್ಯ.

ಒಂದೂವರೆ ಗೇಣಿನ ಕತ್ತಿ ಅದು. ಬೀಟೆ ಮರದ ಹಿಡಿ, ಹಿಡಿಯ ತುದಿಯಲ್ಲಿ ಕಿರುಬೆರಳು ತೂರುವಷ್ಟು ಒಂದು ತೂತು. ಹಬ್ಬದ ಮುನ್ನಾದಿನ ಅಕ್ಕ ಹಿತ್ತಲಿನಲ್ಲಿ ಕೂತು ಹುಣಸೆಹುಳಿ, ಬೂದಿ ಹಾಕಿ ಕತ್ತಿಗಳನ್ನೆಲ್ಲ ತಿಕ್ಕುವಾಗ ಇದು ಕೈಗೆ ಬಂದ ಕೂಡಲೆ ಕೇಳುತ್ತಿದ್ದಳು: "ಇದ್ರ ಹಿಡಿಲಿ ತೂತು ಎಂತಕೆ?" ನಾನು, "ತೂಗ್ ಹಾಕಿಕೆ" ಎನ್ನುತ್ತಿದ್ದೆ. ಅವಳು ಹೂಂ ಎಂದು ಮುಂದಿನ ಕತ್ತಿ ಎತ್ತಿಕೊಳ್ಳುತ್ತಿದ್ದಳು. ಮರುವರ್ಷ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಎಷ್ಟು ವರ್ಷ ಹೀಗೆ ನಡೆಯಿತೆಂದು ಲೆಕ್ಕ ಹಾಕಲು ನನಗೆ ಇಷ್ಟವಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು, ಹೊಡೆದವಳು, ಓದಿಸಿದವಳು ಅವಳೇ. ಭಾಗಮಂಡಲದ ಕಡೆಯ ಅರೆಭಾಷೆ ಗೌಡರು ನಾವು. ಚಿಕ್ಕಂದಿನಲ್ಲಿ ನನಗೊಂದು ಅಭ್ಯಾಸವಿತ್ತು. ಏನಾದರೂ ನೋಡಿ ಬಾ ಎಂದರೆ ಎದ್ದು ಹೋಗುತ್ತಿರಲಿಲ್ಲ. ಕಂಬಳಿಯೊಳಗಿಂದಲೇ "ಉಟ್ಟು", ಅಂದರೆ ಇದೆ, ಎಂದುಬಿಡುತ್ತಿದ್ದೆ. ಕರು ಕಟ್ಟಿದೆಯಾ? ಉಟ್ಟು. ಒಲೆಯಲ್ಲಿ ಬೆಂಕಿ ಇದೆಯಾ? ಉಟ್ಟು. ಬಹುಪಾಲು ಸಲ ಎಲ್ಲ ಇದ್ದೇ ಇರುತ್ತಿತ್ತು, ಅದೇ ನನ್ನನ್ನು ಕೆಡಿಸಿದ್ದು. ಒಂದು ಸಂಜೆ ಕೋಳಿಗೂಡಿನ ಬಾಗಿಲು ಹಾಕಿದೆಯಾ ಎಂದು ಕೇಳಿದಾಗಲೂ ಹಾಗೇ ಹೇಳಿದೆ. ಬೆಳಿಗ್ಗೆ ನೋಡಿದರೆ ಏಳು ಕೋಳಿಗಳ ಪುಕ್ಕ ಅಂಗಳದ ತುಂಬ. ಅಕ್ಕ ನನ್ನ ಕಿವಿ ಹಿಡಿದು ಗೂಡಿನ ಎದುರು ನಿಲ್ಲಿಸಿ, "ನೋಡಿ ಹೇಳ್ದ್ಯಾ?" ಎಂದು ಕೇಳಿದಳು. "ಇಲ್ಲೆ" ಎಂದೆ. ಒಂದು ಪೆಟ್ಟು ಬಿತ್ತು. ಮತ್ತೆ, "ನೋಡಿ ಹೇಳ್ದ್ಯಾ?" ಮತ್ತೆ, "ಇಲ್ಲೆ." ಕೋಳಿಗೆ ಒಂದರಂತೆ ಏಳು ಪೆಟ್ಟು ಬಿದ್ದವು. ಆಮೇಲೆ ಅವಳೇ ಕೂತು ಅತ್ತಳು. ಏಳು ಪೆಟ್ಟು ಸಾಲಲಿಲ್ಲ ಎಂದು ಈಗ ಅನಿಸುತ್ತದೆ.

ಹೀಗಿದ್ದವನು ಮುಂದೆ ಕಾಫಿ ಎಸ್ಟೇಟಿನಲ್ಲಿ ರೈಟರಾದೆ. ರೈಟರ್ ಎಂದರೆ ಬರೆಯುವವನು, ಆದರೆ ಬರೆಯುವುದಕ್ಕಿಂತ ನೋಡುವುದೇ ಆ ಕೆಲಸ. ಲೈನು ಎನ್ನುವ ಸಾಲುಮನೆಗಳಿಂದ ಆಳುಗಳು ಬಂದರಾ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಬೀಗ ಹಾಕಿದೆಯಾ, ಒಣಗುವ ಕಣದ ಮೇಲೆ ಟಾರ್ಪಾಲು ಹೊದಿಸಿದೆಯಾ ಎಂದು ದಿನವೂ ಸುತ್ತಿ ನೋಡಿ "ಎಲ್ಲ ಸರಿ" ಎಂದು ಬರೆಯಬೇಕು. ನನ್ನ ಅಕ್ಷರ ಮುದ್ದಾಗಿತ್ತು. "ಎಲ್ಲ ಸರಿ" ಎಂಬುದನ್ನಂತೂ ನನ್ನಷ್ಟು ಚೆನ್ನಾಗಿ ಬರೆಯುವವರು ಸಿದ್ದಾಪುರದ ಸುತ್ತಮುತ್ತ ಯಾರೂ ಇರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಹೊಸ ಸರ್ಕಾರದಲ್ಲಿ ವರ್ಗಾವಣೆಯ ಗಾಳಿ ಜೋರಾಗಿ ಬೀಸುತ್ತಿದ್ದಾಗ ಅಕ್ಕನ ಗಂಡ, ನಮ್ಮ ಬಾವ, ಎಸ್ಟೇಟಿನ ಪಕ್ಕದ ಶಾಲೆಗೆ ಮೇಷ್ಟರಾಗಿ ಬಂದರು. ಅಕ್ಕ ಬಾವ ಇಬ್ಬರೂ ನನ್ನ ಕ್ವಾರ್ಟರ್ಸಿನಲ್ಲೇ ಇರತೊಡಗಿದರು. ಬಾವ ಸೊಂಟಕ್ಕೆ ಪಂಚೆ ಕಟ್ಟಿದರೆ ಜಾರುವಷ್ಟು ತೆಳ್ಳಗಿನ ಮನುಷ್ಯ. ಕೋಪವೆಂಬುದು ಗೊತ್ತಿಲ್ಲ. ಶಾಲೆಯ ಹುಡುಗರಿಗೆ ಗಣಿತ ಹೇಳಿಕೊಡುವಾಗ ಮಾತ್ರ ಎಲ್ಲ ಲೆಕ್ಕದಲ್ಲೂ ಮೀನು ಬರುತ್ತಿತ್ತು. ಎಸ್ಟೇಟಿನ ಕೆಳಗೇ ಕಾವೇರಿ ಹರಿಯುತ್ತಿದ್ದಳು. ಮೀನಿನ ಹುಚ್ಚಿರುವವನನ್ನು ಹೊಳೆಯ ಪಕ್ಕ ತಂದು ಕೂರಿಸಿದರೆ ಕೇಳಬೇಕೆ?

ಎಸ್ಟೇಟಿನ ಹಳೆಯ ದೊರೆ ತನ್ನ ದೇಶಕ್ಕೆ ವಾಪಸು ಹೋಗುವಾಗ ಒಂದು ವಿಚಿತ್ರ ವಸ್ತು ಬಿಟ್ಟುಹೋಗಿದ್ದ. ಮೂತಿ ಚೂಪಾದ, ಒಳಗೆ ಬರೀ ಗಾಳಿಯಿರುವ, ಎರಡಾಳುದ್ದದ ಎರಡು ತಗಡಿನ ಡೋಲುಗಳು. ಅದಕ್ಕೆ ಅವನು ಪೊಂಟೂನು ಎನ್ನುತ್ತಿದ್ದನಂತೆ. ಬಾವ ಆ ಎರಡು ಡೋಲುಗಳನ್ನು ಜೋಡಿಸಿ, ಮೇಲೆ ಸಿಲ್ವರ್ ಮರದ ಹಲಗೆ ಹೊಡೆದು, ಇಬ್ಬರು ಕೂರುವ ತೆಪ್ಪ ಮಾಡಿದರು. ದೊರೆಯದೇ ಒಂದು ರೀಲಿನ ಗಾಳವೂ ಸಿಕ್ಕಿತು. ಮೀನಿಗೆ ಹಾಕಲು ರಾಗಿ ಮುದ್ದೆ. ಅಕ್ಕ ಡಬ್ಬಿ ತೆರೆದು ನೋಡಿದಾಗಲೆಲ್ಲ ಹಿಟ್ಟು ಕಡಿಮೆಯಾಗಿರುತ್ತಿತ್ತು. "ಮನೆ ಮನುಷ್ಯರಿಗಿಂತ ಹೊಳೆ ಮೀನುಗಳೇ ಹೆಚ್ಚ್ ಉಂಬುದು" ಎಂದು ಗೊಣಗುತ್ತಲೇ ಬಾವನಿಗೆ ಗಟ್ಟಿ ಮುದ್ದೆ ಕಟ್ಟಿಕೊಡುತ್ತಿದ್ದಳು.

ತೆಪ್ಪ ಮಾಡುವುದು ಸುಲಭ, ಅದನ್ನು ಹರಿಯುವ ಹೊಳೆಯಲ್ಲಿ ನಿಲ್ಲಿಸುವುದು ಬೇರೆ ವಿದ್ಯೆ. ಅದನ್ನು ಕಲಿಸಿದವನು ಮೊಯ್ದು ಕಾಕ. ನಮ್ಮ ಕೆಳಗಿನ ಕಡವಿನಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುವ ಮಾಪಿಳ್ಳೆ ಮುದುಕ. ಬಾವನನ್ನು ಮಾಷೇ ಎನ್ನುತ್ತಿದ್ದ, ಅಕ್ಕನನ್ನು ತಂಗಿಯನ್ನು ಕರೆಯುವ ಹಾಗೆ ಪೆಙ್ಙಳೇ ಎನ್ನುತ್ತಿದ್ದ. ಸಂತೆಗೆ ಹೋದರೆ ಅವಳಿಗೆಂದು ಒಣಮೀನಿನ ಒಂದು ಪೊಟ್ಟಣ ತಂದು, ಹಣ ಕೊಡಹೋದರೆ ಕೇಳಿಸದವನಂತೆ ನಡೆದುಬಿಡುತ್ತಿದ್ದ.

ಮೊದಲ ದಿನ ಬಾವ ಪಲ್ಪರಿನ ಮುರಿದ ಕಬ್ಬಿಣದ ಚಕ್ರವೊಂದಕ್ಕೆ ಹಗ್ಗ ಕಟ್ಟಿ, ಲಂಗರು ಎಂದು ತೆಪ್ಪದ ಪಕ್ಕದಿಂದ ಬಿಟ್ಟರು. ಹೊಳೆ ತೆಪ್ಪವನ್ನು ಅಡ್ಡಕ್ಕೆ ತಿರುಗಿಸಿ ಒಂದು ಬದಿ ಎತ್ತಿತು. ನಾವಿಬ್ಬರೂ ಚೀಲ, ಬುತ್ತಿ, ರಾಗಿ ಮುದ್ದೆ ಸಮೇತ ನೀರಿಗೆ ಬಿದ್ದೆವು. ಸೊಂಟದಷ್ಟೇ ನೀರು. ಆದರೆ ನಾನು ಕೂಗಿದ ಕೂಗಿಗೆ ಆಚೆ ದಡದ ನಾಯಿಗಳು ಬೊಗಳಿದವು. ಕಾಕ ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಹತ್ತಿರ ಬಂದ.

"ಈ ಲಂಗರು ಉಂಟಲ್ಲ, ನಂಕೂರ, ಯಾವತ್ತೂ ಮೂಗಿಂದ ಇಳಿಸ್ಬೇಕು ಮಾಷೇ. ಸೈಡಿಂದ ಬಿಟ್ರೆ ಹೊಳೆ ನಿಮ್ಮನ್ನು ದೋಸೆ ಥರ ಮಗುಚ್ತದೆ. ತೆಪ್ಪದ ಮೂಗು ನೀರು ಬರೋ ಕಡೆ ನೋಡ್ಬೇಕು. ಹಗ್ಗದಲ್ಲಿ ಜಿಪುಣತನ ಬೇಡ. ಒಂದಾಳು ನೀರಿಗೆ ನಾಲ್ಕಾಳು ಹಗ್ಗ, ಕೇಟ್ಟೋ."

"ನೀರು ಏರಿದರೆ?" ಎಂದು ಬಾವ ಕೇಳಿದರು.

"ಏರಿದ್ರೆ ಹಗ್ಗ ಕಡೀಬೇಕು. ಬಿಚ್ಚೋಕೆ ಕೂತ್ಕೊಳ್ಬಾರದು. ನಾರಿನ ಹಗ್ಗ ನೀರು ಕುಡಿದು ಊದ್ತದೆ, ಹೊಳೆ ಎಳೀತಿರುವಾಗ ಆ ಗಂಟು ನಮ್ಮ ಅಪ್ಪ ಬಂದ್ರೂ ಬಿಚ್ಚಲಿಕ್ಕಿಲ್ಲ. ಕತ್ತಿ ಇಡಿ. ಚೀಲದಲ್ಲಿ ಅಲ್ಲ, ಗಂಟಿನ ಪಕ್ಕದಲ್ಲಿ. ಕಣ್ಣು ಮುಚ್ಚಿ ಕೈ ಹಾಕಿದ್ರೂ ಸಿಗ್ಬೇಕು."

ಬಾವ ಅಂದೇ ಮನೆಯ ಒಂದು ಕತ್ತಿಯ ಹಿಡಿಗೆ, ಕಾದ ಕಬ್ಬಿಣದಿಂದ ತೂತು ಕೊರೆದರು. ತೆಪ್ಪದ ಮೂಗಿನ ಬಳಿ, ಹಗ್ಗ ಕಟ್ಟುವ ಬಳೆಯ ಪಕ್ಕದಲ್ಲೇ ಒಂದು ಮೊಳೆ ಹೊಡೆದು ಅದನ್ನು ತೂಗುಹಾಕಿದರು. ತೂತಿನ ಕಥೆ ಇಷ್ಟೇ. ಅಕ್ಕ ನೀರಿಗೆ ಹೆದರುವವಳು, ಹೊಳೆಯ ಕಡೆ ಬರುತ್ತಲೇ ಇರಲಿಲ್ಲ, ಹಾಗಾಗಿ ಅವಳು ಇದನ್ನು ಕಂಡಿರಲಿಲ್ಲ. ಬಾವ ಮೇಷ್ಟರಲ್ಲವೇ, ಕಾಕ ಹೇಳಿದ ಪಾಠವನ್ನು ಅಕ್ಷರಶಃ ಅಭ್ಯಾಸ ಮಾಡಿದರು. ದಡದಲ್ಲಿ ಕಟ್ಟಿದ ತೆಪ್ಪದ ಮೇಲೆ ಕಣ್ಣು ಮುಚ್ಚಿ ಕೂತು, ಗಾಳ ಹಿಡಿದವರಂತೆ ನಟಿಸಿ, ತಟ್ಟನೆ ಕೈ ಚಾಚಿ ಕತ್ತಿ ಹಿಡಿಯುತ್ತಿದ್ದರು. "ನೋಡಿದ್ರಾ ರೈಟ್ರೆ?" ಎಂದು ನನ್ನನ್ನು ಕೇಳುತ್ತಿದ್ದರು. ಬೇಕೆಂದೇ ನನ್ನನ್ನು ರೈಟ್ರೆ ಎನ್ನುತ್ತಿದ್ದರು. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ.

ಮೀನು ಹಿಡಿಯುವುದರಲ್ಲಿ ನನ್ನ ಪಾತ್ರ ಬಲೆ ಹಿಡಿಯುವುದು. ಗಾಳಕ್ಕೆ ಸಿಕ್ಕ ದೊಡ್ಡ ಮೀನನ್ನು ಬಾವಿಯ ಕೊಡದಂತೆ ಸೇದುವ ಹಾಗಿಲ್ಲ. ಅದು ಓಡಿದಷ್ಟು ಓಡಲು ಬಿಟ್ಟು, ದಣಿಸಿ, ಹತ್ತಿರ ತಂದ ಮೇಲೆ ಹಿಡಿಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು, ತಲೆಯ ಕಡೆಯಿಂದ ಅದಾಗಿಯೇ ಒಳಗೆ ಬರುವಂತೆ ಮಾಡಬೇಕು. ಬಲೆ ಹಿಡಿದು ಮೀನನ್ನು ಅಟ್ಟಬಾರದು, ತೆಪ್ಪದ ಮೇಲೆ ಎದ್ದು ನಿಲ್ಲಬಾರದು. ಇವಿಷ್ಟೂ ನನಗೆ ಬಾಯಿಪಾಠವಾಗಿತ್ತು. ಒಂದು ದಿನ, ನನ್ನ ತೊಡೆಯಷ್ಟು ದಪ್ಪದ ಬಿಳಿಮೀನೊಂದು ಅರ್ಧ ತಾಸು ಬಾವನನ್ನು ಆಡಿಸಿ, ಕೊನೆಗೆ ಸೋತು ಪಕ್ಕಕ್ಕೆ ವಾಲಿ ತೆಪ್ಪದ ಹತ್ತಿರ ಬಂತು. ಅದರ ಹುರುಪೆಗಳು ನಾಲ್ಕಾಣೆ ಪಾವಲಿಯಷ್ಟು ದೊಡ್ಡವು, ಬಿಸಿಲಿಗೆ ಹೊಳೆಯುತ್ತಿದ್ದವು. ನಾನು ಬಾಯಿಪಾಠವನ್ನೆಲ್ಲ ಮರೆತು ಎದ್ದು ನಿಂತು, ಬಲೆಯಿಂದ ಅದರ ಬಾಲಕ್ಕೆ ಹೊಡೆದೆ. ಹೌದು, ಹೊಡೆದೆ, ನೊಣ ಹೊಡೆದ ಹಾಗೆ. ಮೀನು ದಾರ ಹರಿದುಕೊಂಡು ಹೋಯಿತು, ನನ್ನ ಚಪ್ಪಲಿಯೊಂದೂ ಹೋಯಿತು.

ಬಾವ ಹರಿದ ದಾರ ಸುತ್ತಿಕೊಳ್ಳುತ್ತ, "ಇರಲಿ, ಅದ್ರ ಮನೇಲೂ ಯಾರೋ ಕಾಯ್ತಿದ್ದೋ ಏನೋ" ಎಂದರು. ಇಂಥವರು ಬಾವ. ಅವರು ಒಂದು ಸಲವಾದರೂ ನನ್ನನ್ನು ಬೈದಿದ್ದರೆ ಈಗ ನೆನಪಿಸಿಕೊಳ್ಳಲು ಸ್ವಲ್ಪ ಹಗುರಾಗುತ್ತಿತ್ತು.

ಆ ವರ್ಷದ ಕೈಲ್ ಮುಹೂರ್ತಕ್ಕೆ ಪೂಜೆ ನನ್ನ ಕ್ವಾರ್ಟರ್ಸಿನಲ್ಲಿ. ಲೈನಿನ ಮೇಸ್ತ್ರಿಗಳು, ಸುತ್ತಿನ ನಾಲ್ಕಾರು ಮನೆಯವರು ತಮ್ಮ ಕತ್ತಿ ಕೋವಿ ತಂದು ಇಡುತ್ತಾರೆ ಎಂದ ಮೇಲೆ ನನ್ನ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಒಂದು ಕಬ್ಬಿಣವೂ ತಪ್ಪಬಾರದು ಎಂದು ಮುನ್ನಾದಿನ ಎಸ್ಟೇಟೆಲ್ಲ ಸುತ್ತಿದೆ. ಗರಗಸ ತಂದೆ, ಕಸಿ ಕತ್ತರಿ ತಂದೆ, ಹೊಳೆಗೆ ಇಳಿದು ತೆಪ್ಪದ ಮೊಳೆಯಿಂದ ಆ ಕತ್ತಿಯನ್ನೂ ಬಿಡಿಸಿ ತಂದೆ. ತೆಪ್ಪ ಕಾಯುವ ಕತ್ತಿಗೆ ಪೂಜೆ ಬೇಡವೇ? ಅಕ್ಕ ಒಂದು ರಾಶಿ ಕತ್ತಿಗಳ ನಡುವೆ ಅದನ್ನೂ ತಿಕ್ಕಿ ತೊಳೆದಳು. ಅಂದು ತೂತಿನ ಬಗ್ಗೆ ಕೇಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಬೆಳಿಗ್ಗೆ ಪೂಜೆಯಾಯಿತು. ಆಮೇಲೆ ನಾನೇ ಮಣೆಯ ಪಕ್ಕ ನಿಂತು ಒಬ್ಬೊಬ್ಬರ ಹೆಸರು ಕೂಗಿದೆ. ಹೆಸರು ಕೂಗಿದವರು ಬಂದು, ತಮ್ಮ ಕೋವಿಗೋ ಕತ್ತಿಗೋ ನಮಸ್ಕರಿಸಿ ನನ್ನ ಕೈಯಿಂದ ತೆಗೆದುಕೊಂಡರು. ಮೇಸ್ತ್ರಿ ಬಂದ, ಕಸಿಯವನು ಬಂದ, ಅಡುಗೆಮನೆಯ ಪರವಾಗಿ ಅಕ್ಕ ಬಂದಳು. ತೆಪ್ಪದ ಕತ್ತಿಗೆ ಕೂಗಲು ಹೆಸರಿರಲಿಲ್ಲ. ತೆಪ್ಪ ಎದ್ದು ಬಂದು ಕೈ ಚಾಚುವುದಿಲ್ಲವಲ್ಲ. ಅದು ಗಂಧ ಹಚ್ಚಿಕೊಂಡು, ಹೂ ಮುಡಿದುಕೊಂಡು ಮಣೆಯ ಮೇಲೆಯೇ ಉಳಿಯಿತು. ನಾನು ಊಟದ ಎಲೆ ಹಾಕಿಸಲು ಓಡಿದೆ.

ಊಟವಾದ ಮೇಲೆ ಗಂಡಸರೆಲ್ಲ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹೊರಟರು. ಎತ್ತರದ ಮರದ ಕೊಂಬೆಗೆ ಕಾಯಿ ಕಟ್ಟಿ ಹೊಡೆಯುವ ಆಟ ಅದು. ಬಾವನಿಗೆ ಕೋವಿಯ ಸದ್ದು ಆಗದು. ನಾಲ್ಕು ದಿನದಿಂದ ಮಳೆ ಬಿಟ್ಟಿತ್ತು, ಹೊಳೆ ಇಳಿದಿತ್ತು. ಅವರು ಗಾಳ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತು ಕೇಳಿದರು:

"ರೈಟ್ರೆ, ತೆಪ್ಪಲಿ ಸಾಮಾನೆಲ್ಲ ಉಟ್ಟಲ್ಲಾ?"

ನಾನು ಕೋವಿಗೆ ತೋಟೆ ತುಂಬುತ್ತಿದ್ದೆ. ತಲೆ ಎತ್ತದೆ, "ಎಲ್ಲ ಅಲ್ಲೇ ಉಟ್ಟು ಬಾವ" ಎಂದೆ.

"ಹಂಗಾರೆ ಹೋಗಿ ಬನ್ನೆ," ಎಂದು ಬಾವ ಹೊಳೆಯ ಕಡೆ ಹೊರಟರು.

ಮಣೆ ನನ್ನಿಂದ ಆರು ಅಡಿ ದೂರದಲ್ಲಿತ್ತು. ಕುತ್ತಿಗೆ ತಿರುಗಿಸಿದ್ದರೆ ಸಾಕಿತ್ತು.

ಪಂದ್ಯದಲ್ಲಿ ನಾನು ಮೂರು ಗುಂಡು ಹೊಡೆದೆ. ಮೊದಲನೆಯದು ಆಕಾಶಕ್ಕೆ, ಎರಡನೆಯದು ಎಲೆಗೆ. ಮೂರನೆಯದು ಕಾಯಿ ಕಟ್ಟಿದ ಮರವನ್ನೇ ಬಿಟ್ಟು ಪಕ್ಕದ ಮರದ ಕೊಂಬೆಗೆ ತಗುಲಿ, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅದೇ ಹೊತ್ತಿಗೆ ಕಾಕ ಕಡವಿನಿಂದ ಕೂಗುತ್ತಿದ್ದನಂತೆ. ಕೋವಿಯ ಸದ್ದಿನಲ್ಲಿ ನಮಗೆ ಯಾರಿಗೂ ಕೇಳಲಿಲ್ಲ.

ಕಾಕ ಒದ್ದೆ ಮೈಯಲ್ಲಿ ದಡ ಏರಿ ಓಡಿ ಬಂದು ಹೇಳಿದ್ದನ್ನು ಅವನು ಹೇಳಿದ ಹಾಗೆಯೇ ಹೇಳುತ್ತೇನೆ. ನಮ್ಮಲ್ಲಿ ಬಿಸಿಲಿದ್ದರೂ ಮೇಲೆ ಭಾಗಮಂಡಲದ ಕಡೆ ಮಳೆ ಸುರಿದಿತ್ತು. ಕೆಂಪು ನೀರು ಏರುತ್ತ ಬಂದಾಗ ಬಾವನ ಗಾಳಕ್ಕೆ ದೊಡ್ಡ ಮೀನು ಸಿಕ್ಕಿತ್ತು, ಅವರು ಕೆಳಮುಖವಾಗಿ ಓಡುವ ಮೀನನ್ನೇ ನೋಡುತ್ತಿದ್ದರು. ಲಂಗರು ಬಂಡೆಯ ಸಂದಿನಲ್ಲಿ ಕಚ್ಚಿಕೊಂಡಿತು. ತೇಲಿ ಬಂದ ಮರವೊಂದು ಹಗ್ಗಕ್ಕೆ ಅಡ್ಡಬಿತ್ತು. ತೆಪ್ಪದ ಮೂಗು ನೀರಿಗೆ ಇಳಿಯತೊಡಗಿತು.

"ಕಡೀರಿ ಮಾಷೇ, ಕಡೀರಿ ಅಂತ ನಾನು ಕೂಗಿದೆ. ಮಾಷು ಗಾಳ ಬಿಸಾಕಿದ್ರು. ಮೊಳೆಗೆ ಕೈ ಹಾಕಿದ್ರು. ಕೈ ಖಾಲಿ ಬಂತು. ಮತ್ತೆ ಹಾಕಿದ್ರು. ಮತ್ತೆ ಖಾಲಿ. ಆಮೇಲೆ ಹಲ್ಲಲ್ಲಿ ಕಚ್ಚಿ ಗಂಟು ಬಿಚ್ಚಲಿಕ್ಕೆ ನೋಡಿದ್ರು. ನಾನು ದೋಣಿ ತಿರುಗಿಸಿ ಬರುವಷ್ಟರಲ್ಲಿ..." ಕಾಕ ಅಲ್ಲಿಗೆ ನಿಲ್ಲಿಸಿ, ನನ್ನ ಭುಜ ಹಿಡಿದು ಕೇಳಿದ: "ಕತ್ತಿ ಎಲ್ಲಿ ಹೋಯ್ತು ರೈಟ್ರೆ? ಅಲ್ಲೇ ಇರ್ತಿತ್ತಲ್ಲ?"

ನಾನು ಅವನ ಕೈ ಬಿಡಿಸಿಕೊಂಡು ಹೊಳೆಯ ಕಡೆ ಓಡಿದೆ. ಬಾವನಿಗೆ ಈಜು ಬರುತ್ತಿತ್ತು, ಆದರೆ ಹಗ್ಗದ ಸುರುಳಿ ಕಾಲಿಗೆ ಸುತ್ತಿಕೊಂಡಿತ್ತು. ಎರಡು ದಿನ ಬಿಟ್ಟು ಕೆಳಗಿನ ಬಿದಿರುಮೆಳೆಯಲ್ಲಿ ಅವರನ್ನು ಹುಡುಕಿ ತಂದವನೂ ಕಾಕನೇ.

ಅಂದು ಸಂಜೆ, ಹುಡುಕಲು ಹೋದವರೆಲ್ಲ ಇನ್ನೂ ಹೊಳೆಯ ದಡದಲ್ಲಿದ್ದಾಗ, ನಾನು ಒಳಗೆ ಹೋಗಿ ಮಣೆಯ ಮೇಲಿದ್ದ ಕತ್ತಿಯ ಗಂಧ ತೊಳೆದು, ಹೂ ಕಿತ್ತು, ಅದನ್ನು ಅಡುಗೆಮನೆಯ ಕತ್ತಿಗಳ ನಡುವೆ ಸೇರಿಸಿದೆ. ಯಾಕೆ ಹಾಗೆ ಮಾಡಿದೆ ಎಂದು ಆ ಕ್ಷಣ ನನಗೇ ಗೊತ್ತಿರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಗೊತ್ತಿತ್ತು.

ಸಾವಾದ ಮನೆಯಲ್ಲಿ ಕಾರಣ ಹುಡುಕುವವರಿಗೆ ಕೊರತೆಯಿಲ್ಲ. ತೆಪ್ಪ ಮಗುಚಿ ಸಿಕ್ಕಿತ್ತು, ಅದರ ಮೊಳೆಯಲ್ಲಿ ಕತ್ತಿ ಇರಲಿಲ್ಲ. ನೀರಿಗೆ ಬಿದ್ದಿರಬೇಕು ಎಂದರು. ಹಿಂದಿನ ವಾರ ಹಳೆಯ ಹಗ್ಗ ಸವೆದಿದೆಯೆಂದು ಹೊಸದು ತಂದು ಬಳೆಗೆ ಗಂಟು ಹಾಕಿಕೊಟ್ಟವನು ಕಾಕ ಎಂಬುದು ಎಲ್ಲರಿಗೂ ಗೊತ್ತಿತ್ತು. ಕತ್ತಿ ಇರಲೇ ಇಲ್ಲ ಎಂದು ಅವನು ಹೇಳಿದಷ್ಟೂ, ತನ್ನ ಗಂಟಿನ ತಪ್ಪು ಮುಚ್ಚಲು ಹೇಳುತ್ತಾನೆ ಎಂದು ಜನ ಪಿಸುಗುಟ್ಟಿದರು. ಹನ್ನೊಂದನೆಯ ದಿನದ ಹೊತ್ತಿಗೆ ಅಕ್ಕ ಬಾಯಿ ಬಿಟ್ಟು, "ಗಂಟ್ ಹಾಕಿಕೆ ಬಾರದವಂಗೆ ದೋಣಿ ಎಂತಕೆ?" ಎಂದಳು. ಗಂಡನನ್ನು ಕಳೆದುಕೊಂಡವಳ ಮಾತು. ಊರು ಅದನ್ನು ಎತ್ತಿಕೊಂಡಿತು. ಜನ ಅರ್ಧ ಮೈಲಿ ಸುತ್ತು ಹಾಕಿ ಮೇಲಿನ ಕಡವಿನಲ್ಲಿ ದಾಟತೊಡಗಿದರು. ಕಾಕನ ದೋಣಿ ದಡದಲ್ಲಿ ಬಿಸಿಲಿಗೆ ಬಿರಿಯಿತು.

ನಾನು ಬಾಯಿ ಬಿಡಬಹುದಿತ್ತು. ದಿನವೂ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಏಳುತ್ತಿದ್ದೆ. ಅಕ್ಕನ ಬೋಳು ಹಣೆ ನೋಡುತ್ತಿದ್ದೆ, ಕಾಫಿ ಲೋಟ ತೆಗೆದುಕೊಳ್ಳುತ್ತಿದ್ದೆ. ಅವಳಿಗೆ ಲೋಕದಲ್ಲಿ ಉಳಿದವನು ನಾನೊಬ್ಬ. ನಾನೇ ಕೊಂದೆ ಎಂದು ಗೊತ್ತಾದರೆ ಅವಳು ಯಾರ ಮನೆಯಲ್ಲಿ ಇರಬೇಕು? ಹೀಗೆ ಅವಳಿಗಾಗಿಯೇ ಸುಮ್ಮನಿದ್ದೇನೆ ಎಂದುಕೊಂಡೆ. ಹೇಡಿಗೆ ಇಂಥ ಒಳ್ಳೆಯ ಕಾರಣಗಳು ಬಹಳ ಸಿಗುತ್ತವೆ.

ಆರು ತಿಂಗಳಾದ ಮೇಲೆ ಕಾಕ ಎಸ್ಟೇಟಿನ ಆಫೀಸಿಗೆ ಬಂದ. ಕೇರಳದ ಇರಿಟ್ಟಿಯ ಕಡೆ ತಂಗಿಯ ಮನೆಗೆ ಹೋಗುತ್ತೇನೆ, ಇನ್ನು ಬರುವುದಿಲ್ಲ ಎಂದ. ಕೈಯಲ್ಲಿ ಒಂದು ಗಂಟು ಬಟ್ಟೆ, ಒಂದು ಕೊಡೆ. ಜಗಲಿಯ ಕಂಬಕ್ಕೆ ಒರಗಿ ನಿಂತು, ಜೇಬಿನಿಂದ ಮೊಳದುದ್ದದ ಹಗ್ಗ ತೆಗೆದ. ಕಂಬಕ್ಕೆ ಸುತ್ತಿ, ನಿಧಾನವಾಗಿ ಗಂಟು ಹಾಕಿ ತೋರಿಸಿದ.

"ಹೀಗೇ ಹಾಕಿದ್ದು ರೈಟ್ರೆ. ನಲ್ವತ್ತು ವರ್ಷ ಹೀಗೇ ಹಾಕಿದ್ದೇನೆ. ಈಗ ಮಲಗಿದ್ರೂ ಕಣ್ಣೆದುರು ಇದೇ ಗಂಟು ಬರ್ತದೆ. ಇದ್ರಲ್ಲಿ ತಪ್ಪುಂಟಾ? ನೀವು ಓದಿದವ್ರು, ನೀವು ಹೇಳಿ."

ಇಬ್ಬರೇ ಇದ್ದೆವು. ಆಳುಗಳೆಲ್ಲ ತೋಟದಲ್ಲಿ.

"ಯಾರಿಗೆ ಗೊತ್ತು ಕಾಕಾ," ಎಂದೆ.

ಅವನು ಕಂಬದ ಗಂಟನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಲೆಯಾಡಿಸಿ, "ನನ್ನದೇ ತಪ್ಪಿರ್ಬೇಕು ಹಾಗಾದ್ರೆ" ಎಂದು, ಹಗ್ಗ ಬಿಚ್ಚದೆ ಹಾಗೇ ಬಿಟ್ಟು ಇಳಿದು ಹೋದ. ಪೆಙ್ಙಳಿಗೆ ಹೇಳಿ ಎಂದು ಗೇಟಿನ ಹತ್ತಿರ ತಿರುಗಿ ಕೈ ಎತ್ತಿದ. ನಾನು ಅಕ್ಕನಿಗೆ ಹೇಳಲಿಲ್ಲ.

ಬಾವನನ್ನು ನಾನು ಮರೆವಿನಿಂದ ಕಳೆದೆ. ಮನುಷ್ಯ ಮರೆಯುತ್ತಾನೆ, ಅದಕ್ಕೆ ಎಲ್ಲೋ ಕ್ಷಮೆ ಇದ್ದೀತು. ಆದರೆ ಕಾಕನಿಗೆ ಅವನ ಕೈಯ ಮೇಲೇ ನಂಬಿಕೆ ಹೋಗುವಂತೆ ಮಾಡಿದ್ದು ಹಾಡುಹಗಲು, ಕಣ್ಣಿಗೆ ಕಣ್ಣಿಟ್ಟು, ಗೊತ್ತಿದ್ದೇ ಮಾಡಿದ್ದು. ಇದಕ್ಕೆ ಕ್ಷಮೆಯಿದೆ ಎಂದು ನನಗೆ ಅನಿಸುವುದಿಲ್ಲ. ಎರಡು ಸಲ ಇರಿಟ್ಟಿಗೆ ಹೋಗಲು ಬಸ್ಸು ಹತ್ತಿದೆ. ಎರಡು ಸಲವೂ ವಿರಾಜಪೇಟೆಯಲ್ಲಿ ಇಳಿದು, ಕಾಫಿ ಕುಡಿದು, ಬೆಂಕಿಪೊಟ್ಟಣ ಕೊಂಡು ವಾಪಸು ಬಂದೆ. ಮೂರನೆಯ ಸಲ ಹೊರಡುವ ಮೊದಲೇ, ಕಾಕ ತೀರಿಹೋಗಿ ವರ್ಷವಾಯಿತು ಎಂದು ಒಣಮೀನು ಮಾರುವವನಿಂದ ತಿಳಿಯಿತು. ಅಂದು ನನಗೆ ಮೊದಲು ಅನಿಸಿದ್ದು ದುಃಖವಲ್ಲ, ಇನ್ನು ಹೋಗಬೇಕಾಗಿಲ್ಲ ಎಂಬ ನಿರಾಳ. ಇಂಥ ಮನುಷ್ಯನ ಕೈಬರಹ ನೀವು ಓದುತ್ತಿದ್ದೀರಿ.

ಹೋದ ವರ್ಷದ ಹಬ್ಬದ ಮುನ್ನಾದಿನ ಅಕ್ಕ ಎಂದಿನಂತೆ ಹಿತ್ತಲಿನಲ್ಲಿ ಕೂತು ಕತ್ತಿ ತಿಕ್ಕುತ್ತಿದ್ದಳು. ಅವಳ ಕಣ್ಣು ಮಂಜಾಗಿದೆ, ಈಗ ಕೈಯಿಂದಲೇ ನೋಡುತ್ತಾಳೆ. ಬೆರಳು ತೂತಿಗೆ ಬಂತು.

"ಇದ್ರ ಹಿಡಿಲಿ ತೂತು ಎಂತಕೆ?"

"ತೂಗ್ ಹಾಕಿಕೆ."

ಮುಂದಿನ ಕತ್ತಿ ಎತ್ತಿಕೊಳ್ಳಬೇಕಾದವಳು ಅಂದು ಎತ್ತಿಕೊಳ್ಳಲಿಲ್ಲ. ಬೆರಳನ್ನು ತೂತಿನಲ್ಲೇ ಇಟ್ಟುಕೊಂಡು, "ಎಲ್ಲಿ ತೂಗ್ ಹಾಕಿಕೆ?" ಎಂದಳು.

ನನಗೆ ಏನಾಯಿತೋ ಗೊತ್ತಿಲ್ಲ. ಕಾಕ ಸತ್ತಿದ್ದ, ಸುಳ್ಳಿಗೂ ವಯಸ್ಸಾಗಿತ್ತು. ಬಚ್ಚಲ ಕಲ್ಲಿನ ಮೇಲೆ ಕೂತು ಮೊಳೆಯಿಂದ ಹಿಡಿದು ಮಣೆಯ ತನಕ, ಮಣೆಯಿಂದ ಕಾಕನ ಹಗ್ಗದ ತನಕ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿದ ಮೇಲೆ ಅವಳು ಬೂದಿಯ ಕೈ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕೇಳಿದಳು:

"ಎಲ್ಲ ಅಲ್ಲೇ ಉಟ್ಟು ಅಂತ ಹೇಳ್ದಲ್ಲಾ. ನೋಡಿ ಹೇಳ್ದ್ಯಾ?"

"ಇಲ್ಲೆ," ಎಂದೆ.

ನಾನು ಕಾದೆ. ಈ ವಯಸ್ಸಿನಲ್ಲೂ, ದೇವರಾಣೆ, ಅವಳು ಕಿವಿ ಹಿಡಿಯಲಿ ಎಂದು ಕಾದೆ. ಅವಳು ಕೈ ಎತ್ತಲಿಲ್ಲ.

"ಹಂಗಾರೆ ಗಂಟ್ ಸರಿ ಇತ್ತ್."

"ಸರಿ ಇತ್ತಕ್ಕ."

"ಪಾಪ, ಆ ಕಾಕಂಗೆ ಗೊತ್ತಾತ್ಲೆ," ಎಂದಳು. ನನ್ನೊಡನೆ ಹೇಳಿದಂತಿರಲಿಲ್ಲ.

ಗೋಡೆ ಹಿಡಿದು ಎದ್ದಳು. ಕತ್ತಿಯನ್ನು ಎರಡು ಸಲ ತೊಳೆದು, ಸೆರಗಿನಿಂದ ಒರೆಸಿದಳು. ಬಾಗಿಲ ಪಕ್ಕದಲ್ಲಿ ನನ್ನ ಅಂಗಿ ನೇತುಹಾಕುವ ಮೊಳೆಯಿದೆ. ತಡವುತ್ತ ಹೋಗಿ, ಅಂಗಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, ಕತ್ತಿಯ ತೂತನ್ನು ಬೆರಳಿನಿಂದ ಹುಡುಕಿ ಮೊಳೆಗೆ ಸಿಕ್ಕಿಸಿದಳು.

"ಇದ್ನ ನಾಳೆ ಪೂಜೆಗೆ ಇಡ್ಬೇಡ. ಇದ್ ಇಲ್ಲೇ ಇರ್ಲಿ," ಎಂದಳು.

ಅಂದಿನಿಂದ ಅದು ಅಲ್ಲೇ ಇದೆ. ಅಕ್ಕ ಆ ವಿಷಯ ಮತ್ತೆ ಎತ್ತಿಲ್ಲ. ಮುಂಚಿನ ಹಾಗೆಯೇ ಊಟಕ್ಕೆ ಕರೆಯುತ್ತಾಳೆ, ಜ್ವರ ಬಂದರೆ ಕಷಾಯ ಕಾಯಿಸುತ್ತಾಳೆ. ಒಂದು ಮಾತ್ರ ಬದಲಾಗಿದೆ. ಬಾಗಿಲು ಹಾಕಿದೆಯಾ, ದನ ಕಟ್ಟಿದೆಯಾ, ಒಲೆ ಆರಿದೆಯಾ ಎಂದು ಈಗ ಅವಳು ನನ್ನನ್ನು ಏನೂ ಕೇಳುವುದಿಲ್ಲ. ಕಾಣದ ಕಣ್ಣಿನಲ್ಲಿ, ಗೋಡೆ ಹಿಡಿದುಕೊಂಡು, ತಾನೇ ಎದ್ದು ಹೋಗಿ ನೋಡಿ ಬರುತ್ತಾಳೆ.